ಬಿ-೭೦೪ರ ಸೀಮಂತ ಪೂಜನ

ಪುಣೆಯ ಹಿಂಜವಾಡಿಯಲ್ಲಿರುವ ‘ಸುಯೋಗ ಶಿಖರ’ ಸಹಕಾರಿ ವಸತಿ ಸಂಘದ ಉಪನಿಯಮಗಳ ಪ್ರಕಾರ, ಸದಸ್ಯರು ಗರ್ಭ ಧರಿಸುವುದಕ್ಕೆ ಕಾರ್ಯಕಾರಿ ಸಮಿತಿಯ ಪೂರ್ವಾನುಮತಿ ಬೇಕಾಗಿಲ್ಲ. ಅದೊಂದನ್ನು ಬಿಟ್ಟು ಮುಂದಿನ ಎಲ್ಲ ಹಂತಗಳಿಗೂ ಬೇಕು. ಈ ಸಂಗತಿ ಬಿ ವಿಂಗಿನ ಏಳುನೂರ ನಾಲ್ಕನೇ ಮನೆಯ ಮಧುಕರನಿಗೆ ತಿಳಿದದ್ದು ಅವನ ಹೆಂಡತಿ ಇಂಪನಾಗೆ ಆರು ತುಂಬಿ ಏಳಕ್ಕೆ ಬಿದ್ದ ಮೇಲೆ.

ಮಧುಕರ ಒಂದು ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸದಲ್ಲಿದ್ದ. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದಕ್ಕೆ ಅವನಿಗೆ ಸಂಬಳ ಕೊಡುತ್ತಿದ್ದರು. ಮನೆಯಲ್ಲಿ ಅದೇ ಕೆಲಸವನ್ನು ಇಂಪನಾ ಸಂಬಳವಿಲ್ಲದೆ ಮಾಡಿಕೊಂಡು ಹೋಗುತ್ತಿದ್ದಳು. ಆದ್ದರಿಂದ ಆಕೆ ಒಂದು ಸಂಜೆ ತನ್ನ ಸೀಮಂತ ಹೇಗೆ ನಡೆಯಬೇಕೆಂದು ಹೇಳಿದಾಗ ಅವನು ಅದರಲ್ಲಿ ತಪ್ಪು ಹುಡುಕುವ ಸಾಹಸ ಮಾಡಲಿಲ್ಲ. ಗಂಡಸರೂ ಹೆಂಗಸರೂ ಒಟ್ಟಿಗೆ ಇರಬೇಕು, ಆಟ ಆಡಿಸಬೇಕು, ಆಫೀಸಿನವರೆಲ್ಲ ಬರಬೇಕು, ಕೆಳಗಿನ ಕ್ಲಬ್‌ಹೌಸಿನಲ್ಲಿ ಮಾಡಬೇಕು. ಇವೆಲ್ಲ ಅವಳಿಗೆ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಇರಲೇಬೇಕಾದದ್ದು ಒಂದೇ.

‘ಅಪ್ಪ ನನ್ನ ಪಕ್ಕದಲ್ಲಿ ಕೂತಿರಬೇಕು ಮಧು,’ ಎಂದಳು. ‘ಅಪ್ಪನೇ ನಂಗೆ ಬಳೆ ತೊಡಿಸಬೇಕು.’

ಇಂಪನಾಗೆ ಒಂಬತ್ತು ವರ್ಷವಾಗಿದ್ದಾಗ ಅವಳ ತಾಯಿ ತೀರಿಕೊಂಡಿದ್ದರು. ತಂದೆ ಚಂದ್ರಪ್ಪ ಆಗ ಚನ್ನರಾಯಪಟ್ಟಣದ ತಾಲ್ಲೂಕು ಕಚೇರಿಯಲ್ಲಿ ಕೇಸ್ ವರ್ಕರ್ ಆಗಿದ್ದರು. ಅವರು ಕಚೇರಿಯ ಟೈಪಿಸ್ಟ್ ಹತ್ತಿರ ಎರಡು ಜಡೆ ಹಾಕುವುದನ್ನು ಕಲಿತು, ದಿನಾ ಬೆಳಿಗ್ಗೆ ಮಗಳ ತಲೆ ಬಾಚಿ ಕೆಲಸಕ್ಕೆ ಹೋಗುತ್ತಿದ್ದರು. ಬಳೆಗಾರ ಕೈ ಹಿಂಡಿ ನೋಯಿಸುತ್ತಾನೆಂದು ಮಗಳು ಅತ್ತದ್ದೇ ತಡ, ಬಳೆ ತೊಡಿಸುವುದನ್ನೂ ಕಲಿತರು. ಇಂಥ ಮನುಷ್ಯ ಕಳೆದ ವರ್ಷ ಅರಸೀಕೆರೆಯಲ್ಲಿ ಅಣ್ಣನ ಮಗಳ ಸೀಮಂತದಲ್ಲಿ ಛತ್ರದ ಹೊರಗೆ, ಜನರೇಟರ್ ಪಕ್ಕದಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಮೂರು ಗಂಟೆ ಕೂತಿದ್ದರು. ಗಂಡಸು ಎಂಬುದು ಒಂದು ಕಾರಣ, ಹೆಂಡತಿ ಇಲ್ಲದವರು ಎಂಬುದು ಇನ್ನೊಂದು. ಇಂಪನಾ ಅದನ್ನು ಇಂದಿಗೂ ಮರೆತಿರಲಿಲ್ಲ.

ಮಧುಕರ ಮರುದಿನವೇ ಸಂಘದ ಕಚೇರಿಗೆ ಅರ್ಜಿ ಕೊಟ್ಟ. ವಿಷಯ: ‘ಕೋ-ಎಡ್ ಬೇಬಿ ಶವರ್’. ಅರವತ್ತು ಜನ, ಭಾನುವಾರ, ಬೆಳಿಗ್ಗೆ ಹನ್ನೊಂದರಿಂದ ಮೂರು. ಅರ್ಜಿ ಮೂರು ದಿನಗಳಲ್ಲಿ ವಾಪಸು ಬಂತು. ಅದರ ಹಿಂದೆ ನೀರು ನಿರ್ವಹಣಾ ಉಪಸಮಿತಿಯ ಷರಾ ಹೀಗಿತ್ತು:

‘ಅರ್ಜಿದಾರರು ಕ್ಲಬ್‌ಹೌಸಿನಲ್ಲಿ ನಾಲ್ಕು ಗಂಟೆಗಳ ಕಾಲ ಶವರ್ ನಡೆಸಲು ಅನುಮತಿ ಕೋರಿರುತ್ತಾರೆ. ಸಂಘವು ಟ್ಯಾಂಕರ್ ನೀರಿನ ಮೇಲೆ ನಡೆಯುತ್ತಿರುವುದು ಅರ್ಜಿದಾರರಿಗೆ ತಿಳಿದಿರತಕ್ಕದ್ದು. ಅರವತ್ತು ಜನ ಒಂದೇ ಶವರಿನಡಿ ಸೇರುವುದು ನೀರಿನ ದೃಷ್ಟಿಯಿಂದ ಸಾಧ್ಯವಿಲ್ಲ; ಇತರ ದೃಷ್ಟಿಗಳಿಂದ ಈ ಉಪಸಮಿತಿಯು ಅಭಿಪ್ರಾಯ ನೀಡುವುದಿಲ್ಲ. ಶಿಶುವಿಗೆ ಅರ್ಧ ಬಕೆಟ್ ಸಾಕಾಗುತ್ತದೆ.’

ಅದರ ಕೆಳಗೆ ಇನ್ನೊಂದು ಕೈಬರಹವಿತ್ತು. ಕೋ-ಎಡ್ ಎಂದರೆ ಸಹಶಿಕ್ಷಣ. ವಸತಿ ಸಂಕೀರ್ಣದೊಳಗೆ ಕೋಚಿಂಗ್ ಕ್ಲಾಸ್ ನಡೆಸುವುದು ವಾಣಿಜ್ಯ ಚಟುವಟಿಕೆ. ಹುಟ್ಟದ ಮಕ್ಕಳಿಗೂ ಕ್ಲಾಸ್ ಶುರುವಾಗಿರುವುದು ಸಮಿತಿಗೆ ಆಶ್ಚರ್ಯ ತಂದಿಲ್ಲ, ಆದರೂ ಇಲ್ಲಿ ಬೇಡ, ಎಂದು ಅದರ ಸಾರಾಂಶ.

ಆ ಕೈಬರಹ ಕಾರ್ಯದರ್ಶಿ ಘಾಟಪಾಂಡೆಯವರದು. ನೀರಾವರಿ ಇಲಾಖೆಯಿಂದ ನಿವೃತ್ತರಾದ ಈ ಹಿರಿಯರು ಹುಟ್ಟಿ ಬೆಳೆದದ್ದು ಸದಾಶಿವ ಪೇಠದಲ್ಲಿ. ಬಾಗಿಲಿಗೆ ಫಲಕ ಬರೆದು ಹಾಕಿ, ಬಂದವರನ್ನು ಮರ್ಯಾದೆಯಿಂದ ಅವಮಾನಿಸುವುದು ಅಲ್ಲಿನ ಹಳೆಯ ವಿದ್ಯೆ. ಅಲ್ಲಿದ್ದ ತಮ್ಮ ಹಳೆಯ ವಾಡೆ ಮನೆಯನ್ನು ಕೆಡವಿದ ಮೇಲೆ ಅವರು ಆ ವಿದ್ಯೆಯ ಸಮೇತ ಮಗನ ಫ್ಲಾಟಿಗೆ ಬಂದರು. ‘ಲಿಫ್ಟಿನ ಗುಂಡಿಯನ್ನು ಒಮ್ಮೆ ಒತ್ತಿದರೆ ಲಿಫ್ಟಿಗೆ ಅರ್ಥವಾಗುತ್ತದೆ. ಅದು ನಿಮ್ಮಂಥದಲ್ಲ’ ಎಂಬ ಫಲಕ ಅವರದೇ.

ಮಧುಕರ ಎರಡನೇ ಸಲ ಬುದ್ಧಿ ಉಪಯೋಗಿಸಿದ. ಇಂಗ್ಲಿಷಿನ ಗೊಡವೆಯೇ ಬೇಡವೆಂದು ಕಚೇರಿಯ ಗುಮಾಸ್ತೆ ಸಾಯಲಿಯ ಮುಂದೆ ನಿಂತು, ‘ಸೀಮಂತ’ ಎಂದು ಅಚ್ಚ ಕನ್ನಡದಲ್ಲಿ ಹೇಳಿದ. ಸಾಯಲಿ ಒಳ್ಳೆಯ ಹುಡುಗಿ. ಅವಳು ಕಂಪ್ಯೂಟರಿನಲ್ಲಿ ಎರಡು ಸಾಲು ತೋರಿಸಿದಳು. ಮೊದಲನೆಯದು ‘ಡೋಹಾಳೆ ಜೇವಣ’, ಅಂದರೆ ಬಸುರಿಗೆ ಬಯಕೆಯ ಊಟ, ಮಹಿಳೆಯರಿಗೆ ಮಾತ್ರ. ಗಂಡಸರು ಒಳಗೆ ಕಾಲಿಡುವಂತಿಲ್ಲ. ಇದಕ್ಕೆ ಇತಿಹಾಸವಿತ್ತು. ಹಿಂದೊಮ್ಮೆ ಅರಿಶಿನ-ಕುಂಕುಮಕ್ಕೆ ಹೆಂಡತಿಯರನ್ನು ಬಿಡಲು ಬಂದ ಮೂವರು ಗಂಡಂದಿರು ಇದ್ದ ಶ್ರೀಖಂಡವನ್ನೆಲ್ಲ ಮುಗಿಸಿ ಎದ್ದು ಹೋಗಿದ್ದರು. ಎರಡನೆಯ ಸಾಲು ‘ಸೀಮಂತ ಪೂಜನ’. ಪುರುಷರು, ಮಹಿಳೆಯರು ಇಬ್ಬರೂ. ಅದರಲ್ಲೂ ಹೆಣ್ಣಿನ ತಂದೆಯ ಹಾಜರಿ ಕಡ್ಡಾಯ.

ಮಧುಕರನಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಹೇಗೂ ಪೂಜೆ ಇದ್ದೇ ಇರುತ್ತದೆ ಎಂದುಕೊಂಡು ಎರಡನೆಯದನ್ನೇ ಒತ್ತಿಸಿ, ಅಲ್ಲೇ ಮಂಜೂರಾತಿ ಪಡೆದು, ಹೋಗುತ್ತ ಸಾಯಲಿಗೆ ಎರಡು ಸಲ ಧನ್ಯವಾದ ಹೇಳಿದ. ಹನ್ನೊಂದು ವರ್ಷ ಟೆಸ್ಟಿಂಗ್ ಮಾಡಿದವನು ಆ ದಿನ ಏನನ್ನೂ ಟೆಸ್ಟ್ ಮಾಡಲಿಲ್ಲ.

ಕನ್ನಡದಲ್ಲಿ ಸೀಮಂತ ಎಂದರೆ ಬಸುರಿಗೆ ಮಾಡುವುದು. ಮರಾಠಿಯಲ್ಲಿ ಸೀಮಂತ ಪೂಜನ ಎಂದರೆ ಮದುವೆಯ ಹಿಂದಿನ ದಿನ ಊರ ಗಡಿಗೆ ಬಂದಿಳಿದ ವರನನ್ನು ಹೆಣ್ಣಿನ ಕಡೆಯವರು ಎದುರುಗೊಂಡು ಪೂಜಿಸುವುದು. ಎರಡಕ್ಕೂ ನಡುವೆ ಸಾಮಾನ್ಯವಾಗಿ ಒಂದೆರಡು ವರ್ಷದ ಅಂತರವಿರುತ್ತದೆ.

ಸಂಜೆ ಕೆಲಸ ಮುಗಿಸಿ ಬಂದ ಮಧುಕರ ಲಿಫ್ಟಿನ ಪಕ್ಕದಲ್ಲಿ ಈ ಪ್ರಕಟಣೆಯನ್ನು ನೋಡಿದ:

‘ಬಿ-೭೦೪ರ ಶ್ರೀ ಮಧುಕರ್ ಮತ್ತು ಕುಮಾರಿ ಇಂಪನಾ ಇವರ ವಿವಾಹವು ನಿಶ್ಚಯವಾಗಿದ್ದು, ಸೀಮಂತ ಪೂಜನವು ಕ್ಲಬ್‌ಹೌಸಿನಲ್ಲಿ ನೆರವೇರುವುದು. ವಧುವಿನ ಆರೋಗ್ಯದ ಬಗ್ಗೆ ಗುಸುಗುಸು ಮಾಡುವವರು ತಮ್ಮ ತಮ್ಮ ಮನೆಯಲ್ಲಿ ಮಾಡಿಕೊಳ್ಳತಕ್ಕದ್ದು. ಲಿಫ್ಟಿನಲ್ಲಿ ಮಾಡಿದರೆ ಬೇರೆಯವರಿಗೂ ಕೇಳಿಸುತ್ತದೆ ಮತ್ತು ಅವರು ಅರ್ಧದಲ್ಲೇ ಇಳಿಯಬೇಕಾಗುತ್ತದೆ.’

ಸಂಘದಲ್ಲಿ ಯಾರಿಗೂ ಏನೂ ಅನ್ನಿಸಿದಂತೆ ಕಾಣಲಿಲ್ಲ. ನಾಲ್ಕು ವರ್ಷದಿಂದ ಎದುರು ಮನೆಯಲ್ಲಿದ್ದ ಅಶ್ವಿತ್ ಮಧುಕರನ ಕೈ ಕುಲುಕಿ, ಸರಿಯಾದ ನಿರ್ಧಾರ ಎಂದ. ಆರನೇ ಮಹಡಿಯ ಅಜ್ಜಿಯೊಬ್ಬರು ಇಂಪನಾಗೆ ಒಂದು ತೆಂಗಿನಕಾಯಿ ಕೊಟ್ಟು, ಈಗಲಾದರೂ ಒಪ್ಪಿದನಲ್ಲ ಎಂದು ತಲೆ ನೇವರಿಸಿದರು. ಪ್ರಕಟಣೆಯ ಫೋಟೋ ವಾಟ್ಸಾಪಿನ ಮೇಲೇರಿ ಮೈಸೂರಿನಲ್ಲಿದ್ದ ಮಧುಕರನ ತಾಯಿ ಕಾಮಾಕ್ಷಮ್ಮನವರನ್ನು ತಲುಪಿತು. ಅವರು ಫೋನ್ ಮಾಡಿ ಕೇಳಿದ್ದು ಒಂದೇ ಮಾತು: ‘ಹುಡುಗಿ ಅವಳೇ ತಾನೇ?’

ಇಂಪನಾ ಸೋಫಾದ ಮೇಲೆ ಕೂತು ನಕ್ಕ ನಗುವಿಗೆ ಹೊಟ್ಟೆಯಲ್ಲಿ ಮಗು ಒದೆಯತೊಡಗಿತು. ನಗು ನಿಂತ ಮೇಲೆ, ‘ಇದನ್ನ ಸರಿ ಮಾಡಿಸೋಕೆ ಹೋಗಿ ಅಪ್ಪನ್ನ ಹೊರಗೆ ಕೂರಿಸಬೇಡ,’ ಎಂದಳು. ಅದನ್ನು ನಗದೆಯೇ ಹೇಳಿದಳು.

ಅವನು ಸರಿ ಮಾಡಿಸಲು ಹೋದ. ಘಾಟಪಾಂಡೆಯವರು ಕನ್ನಡಕ ಒರೆಸಿಕೊಂಡು, ಶಾಂತವಾಗಿ ವಿವರಿಸಿದರು. ಮದುವೆಯನ್ನು ರದ್ದು ಮಾಡಬೇಕಾದರೆ ನಲವತ್ತೈದು ದಿನ ಮೊದಲೇ ತಿಳಿಸಬೇಕು. ಬದಲಾಯಿಸುವುದಾದರೆ ಅದು ತಾನಾಗಿಯೇ ಡೋಹಾಳೆ ಜೇವಣವಾಗುತ್ತದೆ. ಆಗ ಗಂಡಸರು ಹೊರಗೆ. ಹಾಗೆಯೇ ಇರಲಿ ಎಂದರೂ ತೊಂದರೆಯಿದೆ: ಸೀಮಂತ ಪೂಜನದ ನಮೂನೆಯಲ್ಲಿ ವರನು ಹೊರಗಿನಿಂದ ಬರಬೇಕು. ಮಧುಕರನಾದರೋ ಸಂಘದ ಖಾಯಂ ನಿವಾಸಿ, ನಿರ್ವಹಣಾ ಶುಲ್ಕವನ್ನೂ ತುಂಬಿದ್ದಾನೆ. ಅಂಥವನನ್ನು ಗಡಿಯಲ್ಲಿ ಎದುರುಗೊಳ್ಳುವುದು ಹೇಗೆ? ಬುಧವಾರದೊಳಗೆ ಹೊರಗಿನ ವರನೊಬ್ಬನ ಹೆಸರು ತುಂಬದಿದ್ದರೆ ಅರ್ಜಿ ಬಿದ್ದುಹೋಗುತ್ತದೆ. ಇಷ್ಟು ಹೇಳಿ ಅವರು ಮಧುಕರನಿಗೆ ಚಹಾ ತರಿಸಿದರು.

ಮಧುಕರ ಬೇರೆ ದಾರಿ ಕಾಣದೆ ಮಾವನಿಗೆ ಫೋನ್ ಮಾಡಿದ. ಚಂದ್ರಪ್ಪ ಒಂದು ಬ್ಯಾಗು, ಒಂದು ಡಬ್ಬಿ ಕೊಬ್ಬರಿ ಮಿಠಾಯಿ ಹಿಡಿದು ಮಂಗಳವಾರ ಬೆಳಿಗ್ಗೆ ಬಂದಿಳಿದರು. ಸ್ನಾನ ಮಾಡಿ, ಮಗಳ ಕೈಯ ದೋಸೆ ತಿಂದು, ಸಂಘದ ಉಪನಿಯಮಗಳ ಪುಸ್ತಕವನ್ನು ಕೇಳಿ ಪಡೆದರು. ಅದು ಮರಾಠಿಯಲ್ಲೂ ಇಂಗ್ಲಿಷಿನಲ್ಲೂ ಇತ್ತು. ಅವರು ಇಂಗ್ಲಿಷಿನದನ್ನು ಮಧ್ಯಾಹ್ನದವರೆಗೆ ಓದಿದರು. ಓದುತ್ತ ಓದುತ್ತ ಮುಖದಲ್ಲಿ ಒಂದು ಕಳೆ ಬಂತು.

‘ತುಂಬಾ ಚೆನ್ನಾಗಿ ಮಾಡಿದಾರೆ,’ ಎಂದರು.

‘ಮಾವ, ಅರ್ಜಿ ತಪ್ಪಾಗಿದೆಯಲ್ಲ, ತಿದ್ದಿಸೋದು ಹೇಗೆ ಅಂತ.’

‘ತಿದ್ದಿಸಬಾರದು ಮಧುಕರ್. ದಾಖಲೆ ಅಂತ ಒಂದು ಸಲ ಆದ ಮೇಲೆ ಅದನ್ನ ತಿದ್ದೋಕೆ ಹೋದ್ರೆ ಇಡೀ ಕಚೇರಿ ನಮ್ಮ ಮೇಲೆ ಬೀಳುತ್ತೆ. ಅದರ ಪ್ರಕಾರ ನಾವೇ ನಡ್ಕೊಂಡುಬಿಟ್ರೆ ಯಾರಿಗೂ ತೊಂದರೆ ಇಲ್ಲ. ನಾನು ಮೂವತ್ತೊಂದು ವರ್ಷ ನೋಡಿದೀನಿ.’

ಬುಧವಾರ ಇಬ್ಬರೂ ಕಚೇರಿಗೆ ಹೋದರು. ಚಂದ್ರಪ್ಪನಿಗೆ ಮರಾಠಿ ಬಾರದು, ಘಾಟಪಾಂಡೆಯವರಿಗೆ ಕನ್ನಡ ಬಾರದು. ಆದರೆ ‘ಷರತ್ತಿಗೆ ಒಳಪಟ್ಟು’ ಎಂಬುದನ್ನು ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಸಾವಿರಾರು ಸಲ ಬರೆದವರು. ಮಧುಕರ ನಡುವೆ ಕೂತು ಹರಕು ಹಿಂದಿಯಲ್ಲಿ ಅನುವಾದ ಮಾಡಿದ. ಘಾಟಪಾಂಡೆಯವರು ಮತ್ತೆ ಅದೇ ಪ್ರಶ್ನೆ ಎತ್ತಿದರು: ಹೊರಗಿನಿಂದ ಬರುವವರು ಯಾರು?

‘ಬರ್ತಾ ಇದಾರೆ,’ ಎಂದರು ಚಂದ್ರಪ್ಪ. ‘ಗಡಿ ತನಕ ಬಂದಿದಾರೆ. ದಾಟೋಕೆ ಇನ್ನೂ ಎರಡು ತಿಂಗಳಿದೆ. ಗಡಿಯಲ್ಲೇ ಎದುರುಗೊಳ್ಳಬೇಕು ಅಂತ ತಾನೇ ನಿಮ್ಮ ನಿಯಮ?’

ಮಧುಕರ ಇದನ್ನು ಹಿಂದಿಗೆ ತಿರುಗಿಸಿದ. ಘಾಟಪಾಂಡೆಯವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಿವೃತ್ತಿಯ ನಂತರ ಇಷ್ಟು ಶುದ್ಧವಾದ ವಾದವನ್ನು ತಾವು ಕೇಳಿಲ್ಲವೆಂದು ಆಮೇಲೆ ಹೇಳಿದರು. ಎದ್ದು ನಿಂತು ಚಂದ್ರಪ್ಪನ ಕೈ ಹಿಡಿದರು. ಆಮೇಲೆ ಇಬ್ಬರೂ ಸೇರಿ ನಮೂನೆ ತುಂಬಿದರು.

ವರನ ಹೆಸರು: ಇನ್ನೂ ಇಟ್ಟಿಲ್ಲ. ಲಿಂಗ: ತಿಳಿಯುವುದು ಕಾನೂನಿಗೆ ವಿರುದ್ಧ. ಎಲ್ಲಿಂದ ಬರುತ್ತಿದ್ದಾರೆ: ಒಳಗಿನಿಂದ. ಜೊತೆಗೆ ಬರುವವರ ಸಂಖ್ಯೆ: ಸ್ಕ್ಯಾನ್ ಪ್ರಕಾರ ಯಾರೂ ಇಲ್ಲ. ಪ್ರಯಾಣದ ವಾಹನ: ಇಂಪನಾ. ವಾಹನ ನಿಲ್ಲಿಸುವ ಸ್ಥಳ: ಬಿ-೭೦೪, ಖಾಯಂ.

ಹೊಟ್ಟೆಯಲ್ಲಿರುವವರು ಹೊರಗಿನವರೆಂದು ದಾಖಲಾದ ಮೇಲೆ ಗೇಟಿನ ನಿಯಮವೂ ಅನ್ವಯಿಸಿತು. ಇಂಪನಾ ತರಕಾರಿಗೆಂದು ಹೋಗಿ ಒಳಗೆ ಬಂದಾಗಲೆಲ್ಲ ಕಾವಲುಗಾರ ಗೌರವದಿಂದ ನಿಲ್ಲಿಸಿ ಮೊಬೈಲ್ ಒತ್ತುತ್ತಿದ್ದ. ಆಫೀಸಿನಲ್ಲಿ ಮೀಟಿಂಗಿನ ಮಧ್ಯೆ ಕೂತ ಮಧುಕರನ ಫೋನಿನಲ್ಲಿ, ‘ಬಿ-೭೦೪ಕ್ಕೆ ಒಬ್ಬ ಅತಿಥಿ ಬಂದಿದ್ದಾರೆ. ಒಳಗೆ ಬಿಡಬಹುದೇ?’ ಎಂದು ಬರುತ್ತಿತ್ತು. ಅವನು ಬಿಡಬಹುದೆಂದು ಒತ್ತುತ್ತಿದ್ದ. ಮೊದಲ ನಾಲ್ಕು ಸಲ ರೇಗಿತು. ಐದನೇ ಸಲ ಇದ್ದಕ್ಕಿದ್ದಂತೆ ಕಣ್ಣು ತುಂಬಿ ಬಂದು, ನೆಗಡಿ ಎಂದು ಹೇಳಿ ಮೀಟಿಂಗಿನಿಂದ ಎದ್ದುಬಂದ.

ಇನ್ನು ಊಟದ ವಿಷಯ. ಕಾರ್ಯಕ್ರಮ ಮದುವೆಯದಾದರೂ ವಾಹನ ಗರ್ಭಿಣಿಯಾಗಿರುವ ಕಾರಣ, ಮುನ್ನೆಚ್ಚರಿಕೆಯಾಗಿ ಬಯಕೆ ಉಪಸಮಿತಿಯ ಒಪ್ಪಿಗೆಯೂ ಬೇಕೆಂದು ತೀರ್ಮಾನವಾಯಿತು. ಉಪಸಮಿತಿಯ ಅಧ್ಯಕ್ಷೆ, ಮಹಿಳಾ ವಿಭಾಗದ ಮುಖ್ಯಸ್ಥೆ, ಧಾರವಾಡದ ಇಂದೂತಾಯಿ. ಸಂಘದಲ್ಲಿ ಯಾರ ಮನೆಯ ಹೂವೀಳ್ಯವೂ ಆಕೆಯ ಉಸ್ತುವಾರಿಯಿಲ್ಲದೆ ನಡೆಯದು. ಮೂರು ವರ್ಷದ ಹಿಂದೆ ಗಂಡ ತೀರಿಕೊಂಡ ಮೇಲೆ ಆಕೆ ತಾವಾಗಿ ಯಾರಿಗೂ ಕುಂಕುಮ ಹಚ್ಚಿರಲಿಲ್ಲ. ತಟ್ಟೆಯಿಂದ ಎರಡು ಹೆಜ್ಜೆ ದೂರ ನಿಂತು, ಹಚ್ಚುವವರಿಗೆ ಹೇಳಿಕೊಡುತ್ತಿದ್ದರು. ಹಾಗೆ ನಿಲ್ಲಬೇಕೆಂಬ ನಿಯಮವನ್ನು ಬರೆದವರೂ ಅವರೇ.

ಇಂಪನಾಗಿದ್ದ ಬಯಕೆ ಒಂದೇ, ಗೊಜ್ಜವಲಕ್ಕಿ. ಉಪಸಮಿತಿಯ ಏಳು ಸದಸ್ಯರು ಚರ್ಚಿಸಿ ಅವಳ ಪರವಾಗಿ ಇನ್ನೂ ಎಂಟು ಬಯಕೆಗಳನ್ನು ದಾಖಲಿಸಿದರು. ಅವುಗಳಲ್ಲಿ ಹೋಳಿಗೆ ಘಾಟಪಾಂಡೆಯವರದು. ಸಕ್ಕರೆ ಕಾಯಿಲೆಯಿಂದ ಮನೆಯಲ್ಲಿ ಕೊಡುತ್ತಿರಲಿಲ್ಲ. ಹಡಪಸರದಲ್ಲಿ ಹೋಟೆಲ್ ನಡೆಸುವ ಉಡುಪಿ ಕಡೆಯ ಮೋಹನದಾಸ್ ಅವರಿಗೆ ಅಡಿಗೆ ವಹಿಸಲಾಯಿತು. ನಿಯಮದಂತೆ ಅವರು ಒಂಬತ್ತೂ ಪದಾರ್ಥಗಳ ಮಾದರಿ ತಂದರು. ಉಪಸಮಿತಿ ತಿಂದು, ಉಪ್ಪಿನ ಬಗ್ಗೆ ಭಿನ್ನಾಭಿಪ್ರಾಯ ಬಂದದ್ದರಿಂದ, ಮರುಪರಿಶೀಲನೆ ಇಟ್ಟಿತು. ಎರಡನೇ ಸಲ ಕೋರಂ ಇರಲಿಲ್ಲವೆಂದು ತಿಂದ ಮೇಲೆ ತಿಳಿಯಿತು. ಮೂರನೇ ಸಲ ಮೋಹನದಾಸ್ ಅಷ್ಟು ದೂರದಿಂದ ಟ್ರಾಫಿಕ್ಕಿನಲ್ಲಿ ಎರಡು ಗಂಟೆ ಬೆಂದು ಬಂದು, ಪಾತ್ರೆ ಇಳಿಸಿ, ಮಧುಕರನನ್ನು ಪಕ್ಕಕ್ಕೆ ಕರೆದರು.

‘ಅಲ್ಲ ಮಾರಾಯ್ರೆ, ಇದರಲ್ಲಿ ಗರ್ಭಿಣಿ ಯಾರು? ಒಂದಾ, ಎಂಟಾ?’

ಮಧುಕರ ಸಮಿತಿಯ ಸದಸ್ಯರನ್ನು ನೋಡಿದ. ಆಮೇಲೆ ತಟ್ಟೆ ಹಂಚಲು ಹೋದ.

ಭಾನುವಾರ ಹನ್ನೊಂದಕ್ಕೆ ಕ್ಲಬ್‌ಹೌಸಿನಲ್ಲಿ ಮಾವಿನ ತೋರಣ, ಬಲೂನು, ಮತ್ತು ‘ವರನಿಗೆ ಸ್ವಾಗತ’ ಎಂಬ ಬ್ಯಾನರು. ಬಾಗಿಲಲ್ಲಿ ಸಾಯಲಿ ಟ್ಯಾಬ್ ಹಿಡಿದು ನಿಂತು ಪ್ರತಿಯೊಬ್ಬರ ಹೆಸರು, ವಯಸ್ಸು, ಮದುವೆಯಾಗಿದೆಯೇ ಇಲ್ಲವೇ ಎಂಬುದನ್ನು ದಾಖಲಿಸಿಕೊಳ್ಳುತ್ತಿದ್ದಳು. ಗೇಟಿನಿಂದ ಕ್ಲಬ್‌ಹೌಸಿನವರೆಗೆ ಇಪ್ಪತ್ತು ಹೆಜ್ಜೆ. ಇಂಪನಾ ಹಸಿರು ಸೀರೆಯುಟ್ಟು ಗೇಟಿನಲ್ಲಿ ನಿಂತಳು. ಚಂದ್ರಪ್ಪ ಅವಳ ಹೊಟ್ಟೆಗೆ ನೇರವಾಗಿ ಆರತಿ ಎತ್ತಿ, ಪ್ರಯಾಣ ಸುಖಕರವಾಗಿತ್ತೇ ಎಂದು ವಿಚಾರಿಸಿದರು. ಕಾವಲುಗಾರ ಸೆಲ್ಯೂಟ್ ಹೊಡೆದ. ವರನ ಕಡೆಯವರು ಎಂದು ಯಾರನ್ನು ಕರೆಯಬೇಕೆಂದು ತಿಳಿಯದೆ ಮಧುಕರನಿಗೇ ಟೋಪಿ, ಶಲ್ಯ ಕೊಟ್ಟರು.

ಆಮೇಲೆ ಆಟಗಳು. ಇಂಪನಾಳ ಟೀಮಿನ ಶಮಂತ್ ನಿರೂಪಣೆ ಮಾಡಿದ. ಮೊದಲನೆಯದು ಗೊಂಬೆಗೆ ಡೈಪರ್ ಹಾಕುವ ಸ್ಪರ್ಧೆ, ಗಂಡಸರಿಗೆ. ಮೂವರು ತಲೆಗೆ ಹಾಕಿದರು. ಒಬ್ಬ ತಾನೇ ಹಾಕಿಕೊಂಡು ನೋಡಿ, ಅಳತೆ ಸಾಲದೆಂದು ವರದಿ ಕೊಟ್ಟ. ಎರಡನೆಯದು ಕಲ್ಲಂಗಡಿ ಹಣ್ಣನ್ನು ಹೊಟ್ಟೆಗೆ ದುಪಟ್ಟಾದಿಂದ ಕಟ್ಟಿಕೊಂಡು, ನೆಲದ ಮೇಲಿನ ಹತ್ತು ನಿಂಬೆಹಣ್ಣು ಆರಿಸಿ, ಚಪ್ಪಲಿ ಮೆಟ್ಟಿ, ಕುರ್ಚಿಯಲ್ಲಿ ಕೂತು ಏಳುವುದು. ಸ್ಪರ್ಧೆಗೆ ಸುರಕ್ಷತಾ ವೀಕ್ಷಕರಾಗಿ ಬಂದಿದ್ದ ಘಾಟಪಾಂಡೆಯವರು ನಿಯಮ ಪಾಲನೆಯನ್ನು ಸ್ವತಃ ಪರೀಕ್ಷಿಸಬೇಕೆಂದು ಹಣ್ಣು ಕಟ್ಟಿಸಿಕೊಂಡರು. ಎಂಬತ್ತು ಕೆಜಿಯ ಅಶ್ವಿತ್ ನಾಲ್ಕನೇ ನಿಂಬೆಹಣ್ಣಿಗೆ ಕವುಚಿ ಬಿದ್ದ. ಮಧುಕರ ಏಳನೆಯದಕ್ಕೆ ನಿಂತ; ದುಪಟ್ಟಾದ ಗಂಟು ಮಾತ್ರ ಬಿಚ್ಚಲು ಬರಲಿಲ್ಲ. ಘಾಟಪಾಂಡೆಯವರು ಹತ್ತೂ ಆರಿಸಿ, ಕುರ್ಚಿಯಿಂದ ಎದ್ದು, ಎರಡು ಕೈ ಸೊಂಟದ ಹಿಂದೆ ಇಟ್ಟು ಉಸ್ಸೆಂದರು. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಬಹುಮಾನದ ಗಿಲಕಿ ಕೊಟ್ಟ ಮೇಲೂ ಅವರು ಹಣ್ಣು ಬಿಚ್ಚಲು ಒಪ್ಪಲಿಲ್ಲ.

ಹನ್ನೆರಡೂ ಕಾಲಿಗೆ ಮುಹೂರ್ತ. ಇಂಪನಾಳನ್ನು ಹಸೆಮಣೆಯ ಮೇಲೆ ಕೂರಿಸಿದರು. ಚಂದ್ರಪ್ಪ ಅಂಗಿಯ ತೋಳು ಮಡಚಿ, ಬೆರಳಿಗೆ ಕೊಬ್ಬರಿ ಎಣ್ಣೆ ಸವರಿಕೊಂಡು, ಹಸಿರು ಗಾಜಿನ ಬಳೆಗಳ ತಟ್ಟೆಗೆ ಕೈ ಹಾಕಿದರು.

‘ತಪ್ಪ ತಿಳ್ಕೋಬ್ಯಾಡ್ರಿ ಅಣ್ಣಾರ,’ ಎಂದರು ಇಂದೂತಾಯಿ. ‘ಗಂಡಸರು ಒಳಗ ಬಂದಾರ, ನಾ ಏನೂ ಅಂದಿಲ್ಲ. ಆದ್ರ ಬಳಿ ಇಡಸೋದು ಮುತ್ತೈದೇರ ಕೆಲಸ ಅದ. ನೇಮ ಹನ್ನೊಂದ್ರಾಗ ಬರದದ.’

ನಗು ನಿಂತಿತು. ಇಂಪನಾ ತಲೆ ಎತ್ತಿ ಗಂಡನನ್ನು ನೋಡಿದಳು. ಮಧುಕರ ಏನಾದರೂ ಹೇಳಬೇಕೆಂದು ಮುಂದೆ ಬಂದ. ಆದರೆ ಹೊಟ್ಟೆಗೆ ಐದು ಕೆಜಿಯ ಕಲ್ಲಂಗಡಿ ಕಟ್ಟಿಕೊಂಡ ಮನುಷ್ಯ ಸಂಪ್ರದಾಯದ ವಿಷಯ ಮಾತಾಡಿದರೆ ಯಾರು ಕೇಳುತ್ತಾರೆ? ಇಷ್ಟೆಲ್ಲ ಮಾಡಿ, ಮದುವೆಯನ್ನೇ ಮತ್ತೊಮ್ಮೆ ಒಪ್ಪಿಕೊಂಡು, ಕೊನೆಗೆ ಎರಡು ಮೊಳದ ದೂರದಲ್ಲಿ ಸೋತೆವಲ್ಲ ಎಂದು ಅವನಿಗೆ ಅಳುವೇ ಬಂತು.

ಚಂದ್ರಪ್ಪ ಮಾತ್ರ ಕೈ ಹಿಂದೆ ತೆಗೆದುಕೊಳ್ಳಲಿಲ್ಲ. ಮುತ್ತೈದೆ ಎಂದರೆ ಯಾರು ಎಂಬುದನ್ನು ನಿಯಮದಲ್ಲಿ ವಿವರಿಸಿದ್ದಾರೆಯೇ ಎಂದು ಕಚೇರಿಯ ಧ್ವನಿಯಲ್ಲಿ ಕೇಳಿದರು. ಘಾಟಪಾಂಡೆಯವರು ಸಾಯಲಿಗೆ ಸನ್ನೆ ಮಾಡಿದರು. ಅವಳು ಟ್ಯಾಬಿನಲ್ಲಿ ಹುಡುಕಿ ಓದಿದಳು: ಹಾಜರಾತಿಯಲ್ಲಿ ವಿವಾಹಿತ ಎಂದು ದಾಖಲಾದ ವ್ಯಕ್ತಿ. ಹಾಜರಾತಿಯಲ್ಲಿದ್ದದ್ದು ಎರಡೇ ಕಾಲಂ, ವಿವಾಹಿತ ಮತ್ತು ಅವಿವಾಹಿತ. ಬಾಗಿಲಲ್ಲಿ ಮದುವೆಯಾಗಿದೆಯೇ ಎಂದು ಅವಳು ಕೇಳಿದ್ದಳು, ಆಗಿದೆ ಎಂದು ಅವರು ಹೇಳಿದ್ದರು. ಚಂದ್ರಪ್ಪ, ಅರವತ್ನಾಲ್ಕು, ವಿವಾಹಿತ.

ಇಂದೂತಾಯಿ ದನಿ ತಗ್ಗಿಸಿದರು. ‘ಆದ್ರ, ನಿಮ್ಮ ಮನಿಯವ್ರು...’

‘ಹತ್ತೊಂಬತ್ತು ವರ್ಷ ಆಯ್ತು ತಾಯಿ,’ ಎಂದರು ಚಂದ್ರಪ್ಪ. ‘ಮರಣ ಪ್ರಮಾಣಪತ್ರ ನಾನೇ ಹೋಗಿ ತಂದೆ. ಅದರಲ್ಲಿ ಅವಳು ಹೋದಳು ಅಂತ ಇದೆ. ಮದುವೆ ಮುಗೀತು ಅಂತ ಎಲ್ಲೂ ಬರೆದಿಲ್ಲ. ಎರಡೆರಡು ಸಲ ಓದಿ ನೋಡಿದೀನಿ.’

ಸಭೆ ಘಾಟಪಾಂಡೆಯವರತ್ತ ತಿರುಗಿತು. ಅವರು ಕಲ್ಲಂಗಡಿಯ ಮೇಲೆ ಟ್ಯಾಬನ್ನು ಇಟ್ಟುಕೊಂಡು ಇನ್ನೊಮ್ಮೆ ಓದಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, ದಾಖಲೆ ಸ್ಪಷ್ಟವಾಗಿದೆ, ಹೆಣ್ಣಿನ ತಂದೆಯವರು ಮುತ್ತೈದೆ, ಮುಂದುವರಿಸಬಹುದು ಎಂದು ತೀರ್ಪು ಕೊಟ್ಟರು.

ಚಂದ್ರಪ್ಪ ಮಗಳ ಎಡಗೈಯನ್ನು ಮಡಿಲಿಗೆ ಎಳೆದುಕೊಂಡು, ಹೆಬ್ಬೆರಳನ್ನು ಒಳಕ್ಕೆ ಮಡಚಿಸಿ, ಒಂದೊಂದೇ ಬಳೆ ಏರಿಸಿದರು. ಏಳನೇ ತಿಂಗಳಿಗೆ ಕೈ ಸ್ವಲ್ಪ ಊದಿಕೊಂಡಿತ್ತು. ಒಂದೂ ಒಡೆಯಲಿಲ್ಲ. ಇಂಪನಾ ಸದ್ದಿಲ್ಲದೆ ಅತ್ತಳು, ಆಮೇಲೆ ಸದ್ದು ಮಾಡಿಯೂ ಅತ್ತಳು, ನೋವಾಯಿತೇ ಎಂದು ಅಪ್ಪ ಕೇಳಿದ್ದಕ್ಕೆ ಇಲ್ಲ ಎಂದು ತಲೆಯಾಡಿಸಿದಳು.

ತಟ್ಟೆಯಲ್ಲಿ ಇನ್ನೂ ಒಂದು ಡಜನ್ ಉಳಿದಿತ್ತು. ಚಂದ್ರಪ್ಪ ಅದನ್ನು ಎರಡು ಹೆಜ್ಜೆ ದೂರ ನಿಂತಿದ್ದ ಇಂದೂತಾಯಿಯ ಕಡೆ ಚಾಚಿದರು.

‘ನಿಮ್ಮದೂ ಒಂದು ಸಲ ನೋಡಿಸಿ ತಾಯಿ.’

ಸಾಯಲಿ ಯಾರೂ ಹೇಳುವ ಮೊದಲೇ ಬೆರಳಾಡಿಸಿ ನೋಡಿದ್ದಳು. ವಿವಾಹಿತ, ಎಂದಳು. ಇಂದೂತಾಯಿ ತಟ್ಟೆಯನ್ನೂ ಆ ಹುಡುಗಿಯನ್ನೂ ನೋಡಿದರು.

‘ಮುಗದದ ಅಂತ ನನಗೂ ಯಾರೂ ಬರದು ಕೊಟ್ಟಿಲ್ರಿ,’ ಎಂದರು. ಸೆರಗಿಗೆ ಕೈ ಒರೆಸಿಕೊಂಡು, ಇಂಪನಾಳ ಬಲಗಡೆ ಕೂತು, ಎಣ್ಣೆ ಕೇಳಿದರು.

ನಂತರದ ಬೆಳವಣಿಗೆಗಳು ಸಂಘದ ಮಾಸಿಕ ಸಭೆಯ ನಡಾವಳಿಯಲ್ಲಿ ದಾಖಲಾಗಿವೆ. ವರನು ನಿಗದಿತ ಸಮಯಕ್ಕಿಂತ ನಾಲ್ಕು ದಿನ ಮೊದಲೇ ಗಡಿ ದಾಟಿದ್ದು, ಹೆಣ್ಣುಮಗುವಾಗಿರುತ್ತದೆ; ದಾಖಲೆಯಲ್ಲಿ ವರ ಎಂದೇ ಮುಂದುವರಿಸಲಾಗಿದೆ. ಸಂಘದ ಎಲ್ಲ ಗರ್ಭಿಣಿಯರ ಕಾರ್ಯಕ್ರಮಗಳನ್ನು ಇನ್ನು ಮುಂದೆ ಸೀಮಂತ ಪೂಜನ ಶೀರ್ಷಿಕೆಯಡಿಯೇ ನೋಂದಾಯಿಸತಕ್ಕದ್ದು, ಮತ್ತು ಅದಕ್ಕೆ ಏಳು ತಿಂಗಳು ತುಂಬಿದೆಯೆಂಬ ವೈದ್ಯರ ಪ್ರಮಾಣಪತ್ರ ಲಗತ್ತಿಸತಕ್ಕದ್ದು. ಸಿ ವಿಂಗಿನ ಸುಖೇಶ್ ಎಂಬುವರು ನಿಜವಾದ ಮದುವೆಯ ಸೀಮಂತ ಪೂಜನಕ್ಕೆ ಅರ್ಜಿ ಹಾಕಿದ್ದು, ವಧುವಿನ ಪ್ರಮಾಣಪತ್ರ ಇಲ್ಲದ ಕಾರಣ ತಿರಸ್ಕರಿಸಲಾಗಿದೆ. ಎರಡೂ ಕಡೆಯ ಹಿರಿಯರು ನಿಯಮವನ್ನು ಒಪ್ಪಿ, ಮದುವೆಯನ್ನು ಸೂಕ್ತ ಕಾಲಕ್ಕೆ ಮುಂದೂಡಿದ್ದಾರೆ.

ಹಾಜರಾತಿ ನಮೂನೆಯಲ್ಲಿ ಮೂರನೆಯ ಕಾಲಂ ಸೇರಿಸಬೇಕೆಂದು ಹೊಸ ಸದಸ್ಯರೊಬ್ಬರು ಸೂಚಿಸಿದರು. ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡವರನ್ನು ಬೇರೆಯಾಗಿ ಬರೆದರೆ ಲೆಕ್ಕ ಸ್ವಚ್ಛವಾಗುತ್ತದೆ ಎಂಬುದು ಅವರ ಅಭಿಪ್ರಾಯ. ಇಂದೂತಾಯಿ ಎದ್ದು ನಿಂತು, ಹಾಳಿಯೊಳಗ ಜಾಗಾ ಇಲ್ಲ ಎಂದರು. ಘಾಟಪಾಂಡೆಯವರು ನಮೂನೆಯನ್ನು ತರಿಸಿ, ಸ್ಕೇಲಿನಿಂದ ಅಳೆದು, ಹೌದು, ಜಾಗವಿಲ್ಲ ಎಂದು ಬರೆದರು. ಹೀಗಾಗಿ ಸುಯೋಗ ಶಿಖರದ ಮುನ್ನೂರ ಹನ್ನೆರಡು ಮನೆಗಳಲ್ಲಿ ಯಾರ ಗಂಡನೂ, ಯಾರ ಹೆಂಡತಿಯೂ ಇದುವರೆಗೆ ತೀರಿಕೊಂಡಿರುವುದಿಲ್ಲ. ಸಭೆ ಇದನ್ನು ಸರ್ವಾನುಮತದಿಂದ ಅಂಗೀಕರಿಸಿ, ಚಹಾ ಕುಡಿದು, ಮುಂದಿನ ವಿಷಯಕ್ಕೆ ಹೋಯಿತು.